ನಾಲ್ವರಲ್ಲಿ ಒಬ್ಬರೇ, ಐವತ್ತರಲ್ಲಿ ಒಬ್ಬರೇ? ಚೀನಾದ ಮಕ್ಕಳ ಮನಸ್ಸನ್ನು ಪ್ರಶ್ನಾವಳಿ ಅಳೆಯುವ ಬಗೆ

ಚೀನೀ ವಿಜ್ಞಾನ ಅಕಾಡೆಮಿಯ ಮನೋವಿಜ್ಞಾನ ಸಂಸ್ಥೆ 2021ರ ಮಾರ್ಚ್‌ನಲ್ಲಿ ಒಂದು ವರದಿ ಹೊರತಂದಿತು. ಹಿಂದಿನ ವರ್ಷ ಸಮೀಕ್ಷೆಗೆ ಒಳಪಟ್ಟ ಹದಿಹರೆಯದವರಲ್ಲಿ ಶೇ 24.6ರಷ್ಟು ಮಂದಿಯಲ್ಲಿ ಖಿನ್ನತೆ ಕಂಡುಬಂದಿದೆ, ಶೇ 7.4ರಷ್ಟು ಮಂದಿಯದು ತೀವ್ರ ಸ್ವರೂಪದ್ದು ಎಂದು ಅದು ಹೇಳಿತು. ಅದೇ ವರ್ಷ ಚೀನಾದ ಮನೋವೈದ್ಯರ ತಂಡವೊಂದು ಮಕ್ಕಳ ಮಾನಸಿಕ ಕಾಯಿಲೆಗಳ ಮೊದಲ ರಾಷ್ಟ್ರಮಟ್ಟದ ಅಧ್ಯಯನವನ್ನು ಪ್ರಕಟಿಸಿತು. ಬೀಜಿಂಗ್, ಲಿಯಾವೋನಿಂಗ್, ಜಿಯಾಂಗ್ಸು, ಹುನಾನ್ ಮತ್ತು ಸಿಚುವಾನ್‌ಗಳ 6ರಿಂದ 16 ವರ್ಷದ 73,992 ಮಕ್ಕಳು ಅದರಲ್ಲಿದ್ದರು. ಯಾವುದಾದರೂ ಒಂದು ಮಾನಸಿಕ ಕಾಯಿಲೆ ಇದ್ದವರು ಶೇ 17.5, ವೈದ್ಯರು ‘ಮೇಜರ್ ಡಿಪ್ರೆಸಿವ್ ಡಿಸಾರ್ಡರ್’ ಎನ್ನುವ ಖಿನ್ನತೆಯ ಕಾಯಿಲೆ ಇದ್ದವರು ಶೇ 2.0 ಮಾತ್ರ.

ನಾಲ್ವರಲ್ಲಿ ಒಬ್ಬರು ಎನ್ನುತ್ತದೆ ಒಂದು ಲೆಕ್ಕ. ಐವತ್ತರಲ್ಲಿ ಒಬ್ಬರು ಎನ್ನುತ್ತದೆ ಇನ್ನೊಂದು. ಮೊದಲನೆಯದನ್ನು ಓದಿದವರಿಗೆ ಒಂದು ಇಡೀ ಪೀಳಿಗೆಯೇ ಕುಸಿಯುತ್ತಿದೆ ಅನ್ನಿಸುತ್ತದೆ, ಎರಡನೆಯದನ್ನು ಓದಿದವರಿಗೆ ಅಷ್ಟೇನೂ ಆತಂಕವಿಲ್ಲ ಅನ್ನಿಸುತ್ತದೆ. ಎರಡೂ ಅಧ್ಯಯನಗಳನ್ನು ಮಾಡಿದವರು ತಮ್ಮ ಕೆಲಸ ಬಲ್ಲವರು. ಯಾರೂ ಸುಳ್ಳು ಹೇಳುತ್ತಿಲ್ಲ. ಈ ಅಂತರ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ, ಮಗುವಿನ ಮನಸ್ಸಿನ ಬಗ್ಗೆ ಕಾಗದದ ಮೇಲೆ ಪ್ರಶ್ನೆ ಕೇಳುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದು ತಿಳಿಯುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದೇಶಕ್ಕಾಗಿ ಲೆಕ್ಕ ಹಾಕುವುದು ಒಂದು ಕೆಲಸ, ನೆರವು ಬೇಕಾದ ಮಗುವನ್ನು ಗುರುತಿಸುವುದು ಬೇರೆಯೇ ಕೆಲಸ. ಒಂದೇ ಹಾಳೆಯಿಂದ ಎರಡನ್ನೂ ಮಾಡಲು ಹೊರಟರೆ ಎರಡೂ ಕೆಡುತ್ತವೆ.

ಮೊದಲು ಉಪಕರಣಗಳನ್ನು ನೋಡೋಣ. ಶೇ 24.6ರ ಹಿಂದಿರುವುದು ಸಿಇಎಸ್-ಡಿ ಎಂಬ ಪ್ರಶ್ನಾವಳಿಯ ಸಂಕ್ಷಿಪ್ತ ರೂಪ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಲೆನೋರ್ ರಾಡ್ಲಾಫ್ ಅದರ ಮೂಲ ರೂಪವನ್ನು 1977ರಲ್ಲಿ ಪ್ರಕಟಿಸಿದರು. ಅದರಲ್ಲಿ 20 ಹೇಳಿಕೆಗಳಿವೆ. ‘ಕಳೆದ ವಾರ ನನ್ನ ನಿದ್ದೆ ಸರಿಯಿರಲಿಲ್ಲ’, ‘ಒಂಟಿತನ ಕಾಡಿತು’, ‘ಏನು ಮಾಡಿದರೂ ಶ್ರಮ ಅನ್ನಿಸಿತು’ ಎಂಬಂಥವು. ವಾರದಲ್ಲಿ ಎಷ್ಟು ದಿನ ಹಾಗಾಯಿತು ಎಂಬುದಕ್ಕೆ ಅನುಗುಣವಾಗಿ ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು 60ರಲ್ಲಿ 16 ಅಥವಾ ಹೆಚ್ಚು ಬಂದರೆ ಖಿನ್ನತೆಯ ಲಕ್ಷಣಗಳು ಗಮನಿಸಬೇಕಾದಷ್ಟಿವೆ ಎಂದು ರೂಢಿಯಲ್ಲಿ ಲೆಕ್ಕ ಹಿಡಿಯುತ್ತಾರೆ. ರಾಡ್ಲಾಫ್ ಇದನ್ನು ಮಾಡಿದ್ದು ಜನಸಮುದಾಯಗಳ ಅಧ್ಯಯನಕ್ಕಾಗಿ. ಒಬ್ಬ ವ್ಯಕ್ತಿಗೆ ಕಾಯಿಲೆ ಇದೆಯೇ ಇಲ್ಲವೇ ಎಂದು ತೀರ್ಪು ಕೊಡುವುದು ಅದರ ಉದ್ದೇಶವಾಗಿರಲಿಲ್ಲ. ಪರೀಕ್ಷೆಯ ವಾರದಲ್ಲಿ ನಿದ್ದೆಗೆಟ್ಟು, ಗೆಳತಿಯೊಂದಿಗೆ ಜಗಳವಾಡಿ, ಊಟ ಸೇರದೆ ಕುಳಿತ ಹುಡುಗಿಯೂ ಆ ಗೆರೆಯನ್ನು ದಾಟಬಹುದು. ಅವಳ ನೋವು ನಿಜ. ಆದರೆ ಅದು ಕಾಯಿಲೆಯೇ ಎಂಬ ಪ್ರಶ್ನೆಗೆ ಆ ಹಾಳೆ ಉತ್ತರ ಕೊಡುವುದಿಲ್ಲ.

ಶೇ 2.0ರ ದಾರಿ ಬೇರೆ. ಅಲ್ಲಿ ಎರಡು ಹಂತಗಳಿದ್ದವು. ಮೊದಲು ಸಿಬಿಸಿಎಲ್ ಎಂಬ ಪ್ರಶ್ನಾವಳಿಯನ್ನು ತಂದೆತಾಯಿಗಳು ತುಂಬಿದರು. ಅದರಲ್ಲಿ ಹೆಚ್ಚು ಅಂಕ ಬಂದ ಮಕ್ಕಳನ್ನು ಮಿನಿ-ಕಿಡ್ ಎಂಬ ಸಂದರ್ಶನಕ್ಕೆ ಕೂರಿಸಿದರು. ಎದುರಿಗೆ ಕುಳಿತ ಮನೋವೈದ್ಯರು ಕೇಳುವ ಪ್ರಶ್ನೆಗಳು ಬಿಗಿಯಾಗಿರುತ್ತವೆ: ಬೇಸರ ಎರಡು ವಾರ ಬಿಡದೆ ಇತ್ತೇ? ಅದರ ಜೊತೆಗೆ ಇನ್ನಾವ ಲಕ್ಷಣಗಳಿದ್ದವು? ಓದು, ಆಟ, ಮನೆಯವರೊಡನೆ ಮಾತುಕತೆ ಇವೆಲ್ಲ ಕೆಟ್ಟವೇ? ಇಷ್ಟನ್ನೂ ದಾಟಿದ ಮೇಲಷ್ಟೇ ರೋಗನಿರ್ಣಯ. (ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ 2015–16ರ ಭಾರತದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ 13ರಿಂದ 17 ವರ್ಷದವರಿಗೆ ಇದೇ ಸಂದರ್ಶನವನ್ನು ಬಳಸಿದ್ದರು; ಅಲ್ಲಿ ಎಲ್ಲ ಕಾಯಿಲೆಗಳೂ ಸೇರಿ ಸಿಕ್ಕ ಪ್ರಮಾಣ ಶೇ 7.3.) ವಯಸ್ಸಿನ ವ್ಯತ್ಯಾಸವನ್ನೂ ಮರೆಯಬಾರದು. ಆರು ವರ್ಷದ ಮಕ್ಕಳಲ್ಲಿ ಖಿನ್ನತೆ ಅಪರೂಪ. ಅವರನ್ನು ಸೇರಿಸಿದಾಗ ಸರಾಸರಿ ತಗ್ಗುತ್ತದೆ. ಇತ್ತ 17–18ರ ವಯಸ್ಸು, ಅಂದರೆ ಕಾಲೇಜು ಪ್ರವೇಶದ ‘ಗಾವೋಕಾವೋ’ ಪರೀಕ್ಷೆಗೆ ಹಗಲಿರುಳು ಓದುವ ವಯಸ್ಸು, ಆ ಅಧ್ಯಯನದಲ್ಲಿ ಇರಲೇ ಇಲ್ಲ. ಮನೋವಿಜ್ಞಾನ ಸಂಸ್ಥೆಯ ವರದಿಯಲ್ಲಿ ಖಿನ್ನತೆಯ ಪ್ರಮಾಣ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಸುಮಾರು ಶೇ 10, ಕಿರಿಯ ಪ್ರೌಢಶಾಲೆಯಲ್ಲಿ ಸುಮಾರು ಶೇ 30, ಹಿರಿಯ ಪ್ರೌಢಶಾಲೆಯಲ್ಲಿ ಶೇ 40ರ ಹತ್ತಿರ. ತರಗತಿ ಏರಿದಂತೆ ಅಂಕಿ ಏರುತ್ತದೆ.

ಸಂದರ್ಶನದ ಅಂಕಿಯೇ ಅಂತಿಮ ಸತ್ಯ ಎಂದು ತಿಳಿಯುವುದೂ ತಪ್ಪು. ಮೊದಲ ಹಂತದ ಹಾಳೆಯನ್ನು ತುಂಬಿದವರು ದೊಡ್ಡವರು. ಮಗ ಶಾಲೆಯಲ್ಲಿ ಹೊಡೆದಾಡಿದರೆ, ಒಂದೆಡೆ ಕೂರದಿದ್ದರೆ ತಂದೆತಾಯಿಗೆ ಗೊತ್ತಾಗುತ್ತದೆ. ಮಗಳು ರಾತ್ರಿ ಹೊದಿಕೆಯೊಳಗೆ ಅತ್ತರೆ ಗೊತ್ತಾಗುವುದಿಲ್ಲ. ಚೀನಾದ ಹಳ್ಳಿಗಳಲ್ಲಿ ಇದು ಇನ್ನೂ ಗಂಭೀರ. ದುಡಿಮೆಗಾಗಿ ದೂರದ ನಗರಗಳಿಗೆ ಹೋದವರು ಊರಲ್ಲೇ ಬಿಟ್ಟ ಮಕ್ಕಳ ಸಂಖ್ಯೆ 2018ರ ಸರ್ಕಾರಿ ಲೆಕ್ಕದಲ್ಲಿ 69.7 ಲಕ್ಷ. ಅವರಲ್ಲಿ ಶೇ 96ರಷ್ಟು ಮಂದಿ ಅಜ್ಜ ಅಜ್ಜಿಯರ ಆಸರೆಯಲ್ಲಿದ್ದರು. ಆ ಮಕ್ಕಳ ಬಗ್ಗೆ ಮನೆಯ ದೊಡ್ಡವರನ್ನು ಕೇಳಿದರೆ ಉತ್ತರ ಕೊಡಬೇಕಾದವರು ಅಜ್ಜಿ. ಅವಳ ಪ್ರೀತಿಯಲ್ಲಿ ಕೊರತೆಯಿಲ್ಲ. ಹದಿನಾಲ್ಕರ ಮೊಮ್ಮಗನ ಒಳಗುದಿ ಅವಳಿಗೆ ಕಾಣದೇ ಹೋಗಬಹುದು ಅಷ್ಟೇ. ಸದ್ದಿಲ್ಲದೆ ಬಳಲುವ ಮಕ್ಕಳು ಮೊದಲ ಹಂತದಲ್ಲೇ ಕೈತಪ್ಪಿ ಹೋಗುವ ಸಾಧ್ಯತೆ ಇಂಥ ಎಲ್ಲ ಅಧ್ಯಯನಗಳಲ್ಲೂ ಇದೆ.

ಇನ್ನು ಗಣಿತ. ತಪಾಸಣೆಯ ಪ್ರಶ್ನಾವಳಿ ಒಂದು ಜರಡಿ; ಅದರ ಕಣ್ಣು ದೊಡ್ಡದಿದ್ದರೆ ಉಳಿಯಬೇಕಾದದ್ದು ಜಾರಿಹೋಗುತ್ತದೆ, ಸಣ್ಣದಿದ್ದರೆ ಹೋಗಬೇಕಾದದ್ದೂ ಉಳಿದುಬಿಡುತ್ತದೆ. ಸಾವಿರ ವಿದ್ಯಾರ್ಥಿಗಳ ಶಾಲೆಯೊಂದನ್ನು ಊಹಿಸಿಕೊಳ್ಳಿ. ಅವರಲ್ಲಿ ಖಿನ್ನತೆಯ ಕಾಯಿಲೆ ಇರುವವರು ಶೇ 2, ಅಂದರೆ 20 ಮಂದಿ. ಪ್ರಶ್ನಾವಳಿ ಚೆನ್ನಾಗಿಯೇ ಇದೆ ಎಂದುಕೊಳ್ಳೋಣ: ಕಾಯಿಲೆ ಇರುವವರಲ್ಲಿ ಶೇ 85ರಷ್ಟು ಮಂದಿಯನ್ನು ಗುರುತಿಸುತ್ತದೆ, ಇಲ್ಲದವರಲ್ಲಿ ಶೇ 85ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಆಗ 20ರಲ್ಲಿ 17 ಮಂದಿ ಸಿಗುತ್ತಾರೆ. ಉಳಿದ 980ರಲ್ಲಿ ಶೇ 15, ಅಂದರೆ 147 ಮಂದಿ, ಕಾಯಿಲೆ ಇಲ್ಲದೆಯೂ ಗೆರೆ ದಾಟುತ್ತಾರೆ. ಒಟ್ಟು 164. ವರದಿ ಬರೆಯುವವರು ‘ಶೇ 16.4ರಷ್ಟು ಮಕ್ಕಳಲ್ಲಿ ಖಿನ್ನತೆ ಪತ್ತೆ’ ಎಂದು ಬರೆಯುತ್ತಾರೆ. ಆ ಪಟ್ಟಿಯಲ್ಲಿರುವ ಹತ್ತು ಮಕ್ಕಳಲ್ಲಿ ಕಾಯಿಲೆ ಇರುವುದು ಹೆಚ್ಚೂ ಕಡಿಮೆ ಒಬ್ಬರಿಗೆ. ಕಾಯಿಲೆ ವಿರಳವಾಗಿದ್ದಾಗ ಒಳ್ಳೆಯ ಪ್ರಶ್ನಾವಳಿಯೂ ಹೀಗೆಯೇ ವರ್ತಿಸುತ್ತದೆ. ಶೇ 2 ಹೇಗೆ ಶೇ 16 ಆಗುತ್ತದೆ ಎಂಬುದಕ್ಕೆ ಬೇರೆ ರಹಸ್ಯವೇನೂ ಬೇಕಿಲ್ಲ. ಹಾಗೆಂದು ಆ 147 ಮಕ್ಕಳು ಸುಖವಾಗಿದ್ದಾರೆ ಎಂದೂ ಹೇಳಲಾಗದು. ಅವರಲ್ಲಿ ಅನೇಕರು ಕಷ್ಟದಲ್ಲಿದ್ದಾರೆ. ಆ ಕಷ್ಟಕ್ಕೆ ವೈದ್ಯಕೀಯ ಹೆಸರಿಲ್ಲ.

ನೋವು ಇಲ್ಲದಿದ್ದರೆ ಸಾಕೇ?

ಇಷ್ಟು ಹೊತ್ತು ಮಾತಾಡಿದ್ದೆಲ್ಲ ಕಾಯಿಲೆ ಮತ್ತು ಅದರ ಲಕ್ಷಣಗಳ ಬಗ್ಗೆ. ಮನಸ್ಸಿನ ಯೋಗಕ್ಷೇಮವನ್ನು ಅಳೆಯುವುದು ಬೇರೆಯೇ ಸಂಗತಿ. ಅಮೆರಿಕದ ಸಮಾಜವಿಜ್ಞಾನಿ ಕೋರಿ ಕೀಸ್ 2002ರಲ್ಲಿ ಒಂದು ವಾದವನ್ನು ಮುಂದಿಟ್ಟರು. ಕಾಯಿಲೆ ಇದೆಯೇ ಇಲ್ಲವೇ ಎಂಬುದು ಒಂದು ಅಳತೆ, ಬದುಕು ಅರಳಿದೆಯೇ ಸೊರಗಿದೆಯೇ ಎಂಬುದು ಇನ್ನೊಂದು ಅಳತೆ; ಇವೆರಡೂ ಒಂದಕ್ಕೊಂದು ಸಂಬಂಧಿಸಿದ್ದರೂ ಒಂದೇ ಅಲ್ಲ ಎಂಬುದು ಆ ವಾದ. ಯಾವ ಕಾಯಿಲೆಯೂ ಇಲ್ಲದ ಹುಡುಗ ಯಾವುದರಲ್ಲೂ ಆಸಕ್ತಿಯಿಲ್ಲದೆ ದಿನ ದೂಡುತ್ತಿರಬಹುದು. ಆತಂಕದ ಸಮಸ್ಯೆ ಇರುವ ಹುಡುಗಿ ಗೆಳೆತನ, ಗುರಿ, ನಗು ಎಲ್ಲವನ್ನೂ ಇಟ್ಟುಕೊಂಡು ಬದುಕುತ್ತಿರಬಹುದು. ಲಕ್ಷಣಗಳನ್ನಷ್ಟೇ ಎಣಿಸುವ ಹಾಳೆಯಲ್ಲಿ ಮೊದಲನೆಯವನು ‘ಆರೋಗ್ಯವಂತ’ ಎನ್ನಿಸಿಕೊಂಡು ಎಲ್ಲರ ಗಮನದಿಂದ ಜಾರಿಬಿಡುತ್ತಾನೆ. ನನಗೆ ಅತ್ಯಂತ ಕಳವಳ ತರುವ ಮಗು ಇವನೇ.

ಕೀಸ್ ರೂಪಿಸಿದ ಎಂಎಚ್‌ಸಿ-ಎಸ್‌ಎಫ್ ಎಂಬ ಪ್ರಶ್ನಾವಳಿಯಲ್ಲಿ 14 ಪ್ರಶ್ನೆಗಳಿವೆ. ಕಳೆದ ತಿಂಗಳು ಎಷ್ಟು ಬಾರಿ ಸಂತೋಷವಾಗಿದ್ದೆ, ಬದುಕಿನಲ್ಲಿ ಆಸಕ್ತಿ ಇತ್ತೇ, ತೃಪ್ತಿ ಇತ್ತೇ ಎಂಬ ಮೂರು ಪ್ರಶ್ನೆಗಳು ಭಾವನೆಗಳ ಕುರಿತು. ಐದು ಪ್ರಶ್ನೆಗಳು ಸಮಾಜದೊಂದಿಗಿನ ಸಂಬಂಧದ ಕುರಿತು: ಸಮಾಜಕ್ಕೆ ನನ್ನಿಂದ ಏನಾದರೂ ಸಲ್ಲುತ್ತಿದೆಯೇ, ನಾನೊಂದು ಸಮುದಾಯಕ್ಕೆ ಸೇರಿದವನೇ, ಜನ ಮೂಲತಃ ಒಳ್ಳೆಯವರೇ ಎಂಬಂತೆ. ಉಳಿದ ಆರು ತನ್ನ ಬಗೆಗಿನವು: ನನ್ನ ಸ್ವಭಾವ ನನಗೆ ಇಷ್ಟವೇ, ದಿನನಿತ್ಯದ ಹೊಣೆಗಳನ್ನು ನಿಭಾಯಿಸಬಲ್ಲೆನೇ, ನನ್ನ ಬದುಕಿಗೆ ದಿಕ್ಕಿದೆಯೇ. ಮೊದಲ ಮೂರರಲ್ಲಿ ಕನಿಷ್ಠ ಒಂದಕ್ಕೆ, ಉಳಿದ ಹನ್ನೊಂದರಲ್ಲಿ ಕನಿಷ್ಠ ಆರಕ್ಕೆ ‘ಪ್ರತಿದಿನ’ ಅಥವಾ ‘ಹೆಚ್ಚೂ ಕಡಿಮೆ ಪ್ರತಿದಿನ’ ಎಂದು ಉತ್ತರಿಸಿದವರನ್ನು ಅರಳಿದ ಗುಂಪಿಗೆ ಸೇರಿಸುತ್ತಾರೆ. ಚೀನಾ ಮತ್ತು ಸ್ವೀಡನ್ನಿನ ಸಂಶೋಧಕರು ಇದನ್ನು ಶಾಂಡೋಂಗ್ ಪ್ರಾಂತ್ಯದ ವೈಫಾಂಗ್ ನಗರದ ಶಾಲೆಗಳಲ್ಲಿ ಪರೀಕ್ಷಿಸಿದರು. ಗಾಳಿಪಟದ ಹಬ್ಬಕ್ಕೆ ಹೆಸರಾದ ಊರು ಅದು. ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅರಳಿದ ಗುಂಪಿನಲ್ಲಿ ಸಿಕ್ಕರು. ಖಿನ್ನತೆಯ ಅಂಕಿಗಳನ್ನಷ್ಟೇ ಓದಿ ಚೀನಾದ ಹದಿಹರೆಯವನ್ನು ಕಲ್ಪಿಸಿಕೊಂಡವರು ಈ ಫಲಿತಾಂಶವನ್ನೂ ತಮ್ಮ ಚಿತ್ರದಲ್ಲಿ ಸೇರಿಸಿಕೊಳ್ಳಬೇಕು.

ಓದಿನ ಸಾಧನೆಯೂ ಯೋಗಕ್ಷೇಮವೂ ಜೊತೆಜೊತೆಗೆ ಸಾಗಬೇಕಿಲ್ಲ ಎಂಬುದಕ್ಕೆ, ಬೇರೆ ಬೇರೆ ದೇಶಗಳ 15 ವರ್ಷದವರ ಕಲಿಕೆಯನ್ನು ಹೋಲಿಸುವ ಪೀಸಾ ಸಮೀಕ್ಷೆ ಸಾಕ್ಷಿ. 2018ರಲ್ಲಿ ಬೀಜಿಂಗ್, ಶಾಂಘೈ, ಜಿಯಾಂಗ್ಸು ಮತ್ತು ಝೆಜಿಯಾಂಗ್‌ನ 15 ವರ್ಷದ ವಿದ್ಯಾರ್ಥಿಗಳು ಓದು, ಗಣಿತ, ವಿಜ್ಞಾನ ಮೂರರಲ್ಲೂ ಜಗತ್ತಿಗೆ ಮೊದಲಿಗರಾದರು. ಗಣಿತದಲ್ಲಿ ಅವರ ಸರಾಸರಿ 591. ಅದೇ ಸಮೀಕ್ಷೆಯಲ್ಲಿ ಬದುಕಿನ ಬಗೆಗಿನ ತೃಪ್ತಿಗೆ 0ಯಿಂದ 10ರವರೆಗೆ ಅಂಕ ಕೊಡಿ ಎಂದು ಕೇಳಿದಾಗ, 7 ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರು ಈ ಚೀನೀ ಪ್ರದೇಶಗಳಲ್ಲಿ ಶೇ 59, ಈ ಸಮೀಕ್ಷೆ ನಡೆಸುವ, ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಸರಾಸರಿ ಶೇ 67. ವ್ಯತ್ಯಾಸ ಇದೆ. ಆದರೆ ಅದು ಪೂರ್ತಿಯಾಗಿ ತೃಪ್ತಿಯ ವ್ಯತ್ಯಾಸವೇ, ಅಥವಾ ಅಂಕ ಕೊಡುವ ಕೈಯ ಅಭ್ಯಾಸದ ಪಾಲೂ ಅದರಲ್ಲಿದೆಯೇ?

ನಡುವಿನ ಉತ್ತರ, ತಗ್ಗಿದ ತಲೆ

ಈ ಅನುಮಾನ ಹೊಸದಲ್ಲ. ಅಮೆರಿಕದ ಮನೋವಿಜ್ಞಾನಿ ಹೆರಾಲ್ಡ್ ಸ್ಟೀವನ್ಸನ್ ಮತ್ತು ಸಹಸಂಶೋಧಕರು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೈವಾನಿನ ತೈಪೆ, ಜಪಾನ್, ಅಮೆರಿಕ ಮತ್ತು ಕೆನಡಾದ ವಿದ್ಯಾರ್ಥಿಗಳು ಉತ್ತರ ಗುರುತಿಸುವ ಬಗೆಯನ್ನು ಹೋಲಿಸಿತು. ಉತ್ತರ ಅಮೆರಿಕದ ಮಕ್ಕಳು ಸಾಲಿನ ಎರಡು ತುದಿಗಳನ್ನು ಹೆಚ್ಚು ಬಳಸಿದರು; ಜಪಾನೀ ಮತ್ತು ಚೀನೀ ಮಕ್ಕಳು ನಡುವನ್ನು ಹೆಚ್ಚು ಆರಿಸಿಕೊಂಡರು. ಆದರೆ ಆ ಒಲವು ದೇಶಗಳ ನಡುವಣ ಸರಾಸರಿಗಳ ಹೋಲಿಕೆಯನ್ನೇ ತಲೆಕೆಳಗು ಮಾಡುವಷ್ಟು ದೊಡ್ಡದಾಗಿರಲಿಲ್ಲ. ಆದ್ದರಿಂದ ‘ಚೀನೀಯರು ಎಲ್ಲಕ್ಕೂ ನಡುವಿನ ಉತ್ತರ ಕೊಡುತ್ತಾರೆ, ಅವರ ಅಂಕಿಗಳನ್ನು ನಂಬಬೇಡಿ’ ಎಂದು ಸಾರಾಸಗಟಾಗಿ ತಳ್ಳಿಹಾಕುವುದು ಸೋಮಾರಿತನ. ಎಲ್ಲಿ, ಯಾವ ಪ್ರಶ್ನೆಯಲ್ಲಿ, ಎಷ್ಟು ಎಂದು ನೋಡಬೇಕು.

ಸಂತೋಷವನ್ನು ಹೇಳಿಕೊಳ್ಳಬೇಕಾದ ಪ್ರಶ್ನೆಗಳಲ್ಲಿ ತೊಡಕು ಹೆಚ್ಚು. ಸಿಇಎಸ್-ಡಿಯ 20 ಹೇಳಿಕೆಗಳಲ್ಲಿ ನಾಲ್ಕು ಒಳ್ಳೆಯ ಭಾವನೆಗಳ ಕುರಿತಾದವು: ಖುಷಿಯಾಗಿದ್ದೆ, ಬದುಕನ್ನು ಸವಿದೆ, ಮುಂದಿನ ದಿನಗಳ ಬಗ್ಗೆ ಭರವಸೆ ಇತ್ತು, ನಾನು ಇತರರಿಗೇನೂ ಕಡಿಮೆಯಿಲ್ಲ ಅನ್ನಿಸಿತು. ಇವುಗಳ ಅಂಕವನ್ನು ತಿರುವುಮುರುವಾಗಿ ಲೆಕ್ಕ ಹಾಕುತ್ತಾರೆ. ‘ಅಪರೂಪಕ್ಕೆ’ ಎಂದು ಗುರುತಿಸಿದರೆ 3 ಅಂಕ ಖಿನ್ನತೆಯ ಲೆಕ್ಕಕ್ಕೆ ಸೇರುತ್ತದೆ. ‘ನಾನು ಯಾರಿಗೂ ಕಡಿಮೆಯಿಲ್ಲ’ ಎಂದು ಬರೆಯಲು ಹಿಂಜರಿಯುವುದನ್ನು ಚಿಕ್ಕಂದಿನಿಂದ ಕಲಿತ ಹುಡುಗಿಯ ವಿನಯವೂ ಹೀಗೆ ಕಾಯಿಲೆಯ ಲಕ್ಷಣವಾಗಿ ದಾಖಲಾಗುತ್ತದೆ. ಜಪಾನಿನ ಅಧ್ಯಯನಗಳು ಇದನ್ನು 1990ರ ದಶಕದಲ್ಲೇ ಎತ್ತಿ ತೋರಿಸಿದ್ದವು: ನೋವಿನ ಪ್ರಶ್ನೆಗಳಿಗೆ ಅಮೆರಿಕನ್ನರಂತೆಯೇ ಉತ್ತರಿಸಿದವರು ಸಂತೋಷದ ಪ್ರಶ್ನೆಗಳಿಗೆ ಮಾತ್ರ ಕೈ ಬಿಗಿ ಹಿಡಿಯುತ್ತಿದ್ದರು.

ಅಮೆರಿಕದ ಸಮಾಜವಿಜ್ಞಾನಿ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ರೂಪಿಸಿದ ಆತ್ಮಗೌರವದ ಅಳತೆಗೋಲಿನ ಕಥೆ ಇನ್ನೂ ಬೋಧಪ್ರದ. ಹತ್ತು ಹೇಳಿಕೆಗಳಲ್ಲಿ ಎಂಟನೆಯದು, ‘ನನ್ನ ಬಗ್ಗೆ ನನಗೆ ಇನ್ನಷ್ಟು ಗೌರವ ಇದ್ದಿದ್ದರೆ’ ಎಂಬ ಹಾರೈಕೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸೂಚಿಸಿದರೆ ಆತ್ಮಗೌರವದ ಕೊರತೆ ಎಂದು ಅರ್ಥ. ಚೀನಾದ ವಿದ್ಯಾರ್ಥಿಗಳ ಉತ್ತರಗಳನ್ನು ವಿಶ್ಲೇಷಿಸಿದಾಗ ಈ ಒಂದು ಪ್ರಶ್ನೆ ಉಳಿದ ಒಂಬತ್ತರ ಜೊತೆ ಹೊಂದಿಕೊಳ್ಳಲೇ ಇಲ್ಲ. ಇನ್ನಷ್ಟು ಗೌರವಕ್ಕೆ ಅರ್ಹನಾಗಬೇಕು ಎಂಬುದು ಅಲ್ಲಿ ಕೊರತೆಯ ಗುರುತಲ್ಲ, ಒಳ್ಳೆಯ ವಿದ್ಯಾರ್ಥಿಯ ಛಲ. ಈಗ ಚೀನಾದ ಅನೇಕ ಸಂಶೋಧಕರು ಆ ಪ್ರಶ್ನೆಯನ್ನು ಕೈಬಿಡುತ್ತಾರೆ ಅಥವಾ ಅದರ ಅಂಕವನ್ನು ಉಲ್ಟಾ ಮಾಡದೆ ಹಾಗೆಯೇ ಕೂಡಿಸುತ್ತಾರೆ. ಅನುವಾದ ಮಾಡಿ, ಅದನ್ನು ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಅನುವಾದಿಸಿ ತಾಳೆ ನೋಡುವ ಪದ್ಧತಿ ಎಲ್ಲೆಡೆ ಇದೆ. ಈ ತೊಂದರೆ ಆ ತಾಳೆಯಲ್ಲಿ ಸಿಕ್ಕಿಬೀಳುವಂಥದ್ದಲ್ಲ. ಮಾತು ಸರಿಯಾಗಿಯೇ ದಾಟಿದೆ, ಬಾಳಿನ ಮೌಲ್ಯ ಬೇರೆಯಾಗಿದೆ.

ನೋವನ್ನು ದೇಹದ ಮೂಲಕ ಹೇಳುವ ರೂಢಿಯೂ ಇದೆ. ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1980ರಲ್ಲಿ ಹುನಾನ್ ಪ್ರಾಂತ್ಯದ ಚಾಂಗ್ಷಾ ನಗರದಲ್ಲಿ, ನರದೌರ್ಬಲ್ಯ ಎಂಬ ಹೆಸರಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದ ನೂರು ಮಂದಿಯನ್ನು ಪರೀಕ್ಷಿಸಿದರು. ತಲೆನೋವು, ನಿದ್ರಾಹೀನತೆ, ಸುಸ್ತು ಎಂದು ಬಂದಿದ್ದ ಆ ನೂರರಲ್ಲಿ 87 ಮಂದಿ ತೀವ್ರ ಖಿನ್ನತೆಯ ಮಾನದಂಡಗಳಿಗೆ ಹೊಂದುತ್ತಿದ್ದರು. ಅವರು ದೊಡ್ಡವರು, ಕಾಲವೂ ಬೇರೆ. ಇಂದಿನ ಶಾಂಘೈನ ಹುಡುಗಿಗೆ ಖಿನ್ನತೆಯ ಬಗ್ಗೆ ಮಾತಾಡಲು ಅವಳ ಅಜ್ಜಿಗಿಲ್ಲದ ಭಾಷೆಯಿದೆ. ಆದರೂ ಹೊಟ್ಟೆನೋವು ಎಂದು ಶಾಲೆಯ ದಾದಿಯ ಬಳಿಗೆ ಮತ್ತೆ ಮತ್ತೆ ಹೋಗುವ ಮಗುವನ್ನು ಬರೀ ಭಾವನೆಗಳ ಬಗ್ಗೆ ಕೇಳುವ ಹಾಳೆ ಗುರುತಿಸಲಾರದು.

ಚೀನಾದ ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಂಎಚ್‌ಟಿ ಎಂಬ ಪರೀಕ್ಷೆ ಈ ವಿಷಯದಲ್ಲಿ ಮೆಚ್ಚುವಂಥದ್ದು. ಪೂರ್ವ ಚೀನಾ ನಾರ್ಮಲ್ ವಿಶ್ವವಿದ್ಯಾಲಯದ ಝೌ ಬುಚೆಂಗ್ ಮತ್ತು ಸಂಗಡಿಗರು ಜಪಾನೀ ಪರೀಕ್ಷೆಯೊಂದನ್ನು ಆಧಾರವಾಗಿಟ್ಟುಕೊಂಡು 1991ರಲ್ಲಿ ಇದನ್ನು ಸಿದ್ಧಪಡಿಸಿದರು. ಹೌದು ಅಥವಾ ಇಲ್ಲ ಎಂದು ಉತ್ತರಿಸುವ ನೂರು ಪ್ರಶ್ನೆಗಳು. ಒಂಟಿತನ, ತನ್ನನ್ನೇ ದೂಷಿಸಿಕೊಳ್ಳುವುದು, ಭಯ, ದೇಹದ ಲಕ್ಷಣಗಳು ಹೀಗೆ ಎಂಟು ಭಾಗ. ಅವುಗಳಲ್ಲಿ ಮೊದಲನೆಯದೇ ಓದಿನ ಆತಂಕ. ಈ ಪರೀಕ್ಷೆಯನ್ನು ಬಳಸಿದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲೆ ನಿಲ್ಲುವುದೂ ಅದೇ. 2024ರಲ್ಲಿ 1.34 ಕೋಟಿ ಮಂದಿ ಗಾವೋಕಾವೋಗೆ ಹೆಸರು ನೋಂದಾಯಿಸಿದ ದೇಶದಲ್ಲಿ ಪರೀಕ್ಷೆಯ ಬಗ್ಗೆ ಕೇಳದೆ ಹದಿಹರೆಯದ ಮನಸ್ಸನ್ನು ತಿಳಿಯುವುದು ಹೇಗೆ? ಪಶ್ಚಿಮದಿಂದ ಬಂದ ಎಷ್ಟೋ ಸಣ್ಣ ಪ್ರಶ್ನಾವಳಿಗಳಲ್ಲಿ ಈ ವಿಷಯಕ್ಕೆ ಒಂದು ಪ್ರಶ್ನೆಯೂ ಇಲ್ಲ. ಎಂಎಚ್‌ಟಿಯ ನೂರರಲ್ಲಿ ಹತ್ತು ಪ್ರಶ್ನೆಗಳು ಸುಳ್ಳನ್ನು ಪತ್ತೆಹಚ್ಚಲು. ‘ನಾನು ಒಮ್ಮೆಯೂ ಸುಳ್ಳು ಹೇಳಿಲ್ಲ’ ಎಂಬ ಬಗೆಯ, ಯಾವ ಮನುಷ್ಯನೂ ನಿಜವಾಗಿ ಒಪ್ಪಲಾಗದ ಮಾತುಗಳಿಗೆ ಸಾಲಾಗಿ ಒಪ್ಪಿಗೆ ಕೊಟ್ಟ ಮಗುವಿನ ಹಾಳೆಯನ್ನು ನಂಬಲಾಗದ್ದೆಂದು ಬದಿಗಿಡುತ್ತಾರೆ. ಬದಿಗಿಡುವುದಷ್ಟೇ ಸಾಲದು ಎಂದು ನನಗನ್ನಿಸುತ್ತದೆ. ಎಲ್ಲರೆದುರು ಒಳ್ಳೆಯವಳೆನ್ನಿಸಿಕೊಳ್ಳಲು ಅಷ್ಟು ಹೆಣಗುವ ಮಗುವಿನ ಬಳಿ ಯಾರಾದರೂ ಕುಳಿತು ಮಾತಾಡಬೇಕು.

ಅಳತೆಗೋಲನ್ನೇ ಅಳೆಯುವುದು

ಒಂದು ಪ್ರಶ್ನಾವಳಿ ಬಳಕೆಗೆ ಯೋಗ್ಯವೇ ಎಂದು ಪರೀಕ್ಷಿಸುವ ವಿಧಾನಗಳಿವೆ. ಬಹುತೇಕ ಲೇಖನಗಳು ಮೊದಲಿಗೆ ಹೇಳುವುದು ಕ್ರೋನ್‌ಬಾಕ್ ಆಲ್ಫಾ ಎಂಬ ಸಂಖ್ಯೆಯನ್ನು. ಪ್ರಶ್ನೆಗಳ ಉತ್ತರಗಳು ಒಂದರೊಡನೊಂದು ಎಷ್ಟು ಹೊಂದಿಕೊಂಡು ಸಾಗುತ್ತವೆ ಎಂಬುದರ ಸೂಚಿ ಅದು, 0.7 ದಾಟಿದರೆ ಸಾಕು ಎಂಬ ರೂಢಿ ಬೆಳೆದಿದೆ. ಇದರ ಮೇಲೆ ಅತಿಯಾದ ಭರವಸೆ ಇಟ್ಟಿರುವುದನ್ನು ನೋಡಿ ನನಗೆ ಬೇಸರವಾಗುತ್ತದೆ. ಒಂದೇ ಪ್ರಶ್ನೆಯನ್ನು ಹತ್ತು ಬಗೆಯಲ್ಲಿ ಕೇಳಿದರೂ ಆಲ್ಫಾ ಏರುತ್ತದೆ. ಉತ್ತರಗಳು ಪರಸ್ಪರ ಹೊಂದುತ್ತವೆ ಎಂಬುದರಿಂದ ಅವು ಅಳೆಯಬೇಕಾದುದನ್ನೇ ಅಳೆದಿವೆ ಎಂದಾಗುವುದಿಲ್ಲ.

ಹೆಚ್ಚು ಮುಖ್ಯವಾದುದು, ಮತ್ತು ಸುದ್ದಿಗಳಲ್ಲಿ ಎಂದೂ ಕಾಣಿಸದಿರುವುದು, ಅಳತೆಯ ಸಮಾನತೆಯ ಪರೀಕ್ಷೆ. ಹುಡುಗಿಯರ ಸರಾಸರಿ ಹುಡುಗರಿಗಿಂತ ಕಡಿಮೆ, ಹಳ್ಳಿಯ ಮಕ್ಕಳದ್ದು ನಗರದವರಿಗಿಂತ ಕಡಿಮೆ ಎಂದು ಹೇಳುವ ಮೊದಲು, ಆ ಗುಂಪುಗಳು ಪ್ರಶ್ನೆಗಳನ್ನು ಒಂದೇ ರೀತಿ ಅರ್ಥೈಸಿಕೊಂಡಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಎರಡೂ ಗುಂಪುಗಳಲ್ಲಿ ಪ್ರಶ್ನೆಗಳು ಒಂದೇ ಬಗೆಯಲ್ಲಿ ಗುಂಪುಗೂಡುತ್ತವೆಯೇ ಎಂದು ಮೊದಲು ನೋಡುತ್ತಾರೆ. ಬಳಿಕ, ಪ್ರತಿ ಪ್ರಶ್ನೆಯೂ ಒಳಗಿನ ಸ್ಥಿತಿಯನ್ನು ಎರಡೂ ಕಡೆ ಅಷ್ಟೇ ಬಲವಾಗಿ ತೋರಿಸುತ್ತದೆಯೇ ಎಂದು. ಕೊನೆಯದು ಎಲ್ಲಕ್ಕಿಂತ ಕಠಿಣ: ಒಳಗಿನ ಸ್ಥಿತಿ ಒಂದೇ ಆಗಿರುವ ಇಬ್ಬರು ಮಕ್ಕಳು, ಯಾವ ಗುಂಪಿನವರೇ ಆಗಿರಲಿ, ಒಂದೇ ಅಂಕವನ್ನು ಗುರುತಿಸುತ್ತಾರೆಯೇ? ಈ ಮೆಟ್ಟಿಲನ್ನು ದಾಟದಿದ್ದರೆ ಸರಾಸರಿಗಳನ್ನು ಹೋಲಿಸುವ ಹಕ್ಕಿಲ್ಲ. ಹಾಂಗ್‌ಕಾಂಗ್‌ನಲ್ಲಿ ಕೆಲಸ ಮಾಡುತ್ತಿದ್ದ ಗಾರ್ಡನ್ ಚ್ಯೂಂಗ್ ಮತ್ತು ರೋಜರ್ ರೆನ್ಸ್‌ವೋಲ್ಡ್ 2002ರಲ್ಲಿ ಇದಕ್ಕೊಂದು ಸರಳ ನಿಯಮ ಕೊಟ್ಟರು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋದಾಗ ಮಾದರಿ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಹೇಳುವ ಸಿಎಫ್‌ಐ ಸೂಚಿ 0.01ಕ್ಕಿಂತ ಹೆಚ್ಚು ಕುಸಿಯಬಾರದು. ಇಂದು ಜಗತ್ತಿನೆಲ್ಲೆಡೆಯ ಸಂಶೋಧಕರು ಬಳಸುವ ನಿಯಮ ಇದು.

ಎಂಎಚ್‌ಸಿ-ಎಸ್‌ಎಫ್‌ನ ಸಾಮಾಜಿಕ ಪ್ರಶ್ನೆಗಳನ್ನೇ ತೆಗೆದುಕೊಳ್ಳಿ. ಸಮಾಜ ನಡೆಯುವ ರೀತಿ ನಿನಗೆ ಅರ್ಥವಾಗುತ್ತದೆಯೇ ಎಂದು ಅದು ಕೇಳುತ್ತದೆ. ಮೂವತ್ತೈದರ ಉದ್ಯೋಗಿಗೆ ಇದು ತನ್ನ ಅನುಭವದ ಪ್ರಶ್ನೆ. ಬೆಳಿಗ್ಗೆಯಿಂದ ರಾತ್ರಿಯ ಸ್ವಯಂ ಅಧ್ಯಯನದವರೆಗೆ ಶಾಲೆಯ ಆವರಣದಲ್ಲೇ ಕಳೆಯುವ ಹದಿನೈದರ ಹುಡುಗನ ಸಮಾಜ ಎಂದರೆ ಅವನ ತರಗತಿ. ಅವನು ಯಾವುದನ್ನು ನೆನೆದು ಉತ್ತರಿಸುತ್ತಾನೆ? ಅಂಕಿ ಅಂಶಗಳ ಪರೀಕ್ಷೆ ಇಂಥ ಅನುಮಾನವನ್ನು ಎಬ್ಬಿಸಬಲ್ಲುದು. ಬಗೆಹರಿಸಲು ಮಕ್ಕಳ ಜೊತೆ ಕುಳಿತು, ‘ಈ ಪ್ರಶ್ನೆ ಓದಿದಾಗ ನಿನ್ನ ಮನಸ್ಸಿಗೆ ಏನು ಬಂತು?’ ಎಂದು ಕೇಳಬೇಕಾಗುತ್ತದೆ.

ಹಾಳೆ ಯಾರ ಕೈ ಸೇರುತ್ತದೆ?

2020ರ ಸೆಪ್ಟೆಂಬರ್‌ನಲ್ಲಿ ಚೀನಾದ ರಾಷ್ಟ್ರೀಯ ಆರೋಗ್ಯ ಆಯೋಗ ಹಿರಿಯ ಪ್ರೌಢಶಾಲೆ ಮತ್ತು ಕಾಲೇಜು ವಿದ್ಯಾರ್ಥಿಗಳ ಆರೋಗ್ಯ ತಪಾಸಣೆಯಲ್ಲಿ ಖಿನ್ನತೆಯ ತಪಾಸಣೆಯನ್ನೂ ಸೇರಿಸಬೇಕೆಂದು ಯೋಜನೆ ಹೊರಡಿಸಿತು. 2023ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವಾಲಯ ಸೇರಿ 17 ಇಲಾಖೆಗಳು ಜಂಟಿಯಾಗಿ 2025ರವರೆಗಿನ ಕಾರ್ಯಯೋಜನೆ ಪ್ರಕಟಿಸಿದವು. ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಿಂದ ಹಿಡಿದು ಪ್ರೌಢಶಾಲೆಗಳವರೆಗೆ ವರ್ಷಕ್ಕೆ ಕನಿಷ್ಠ ಒಮ್ಮೆ ಮನಸ್ಸಿನ ಆರೋಗ್ಯದ ಮಾಪನ ನಡೆಯಬೇಕು, ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಯೋಜನೆ ಎಂಬಂತೆ ಕಡತ ಇಡಬೇಕು ಎಂದಿತು ಅದು. ಉದ್ದೇಶ ಒಳ್ಳೆಯದು. ಮಗು ಕುಸಿದ ಮೇಲೆ ನೋಡುವುದಕ್ಕಿಂತ ಮುಂಚೆ ನೋಡುವುದು ಮೇಲು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಉತ್ತರಿಸುವ ಮಗುವಿನ ಕಡೆಯಿಂದ ನೋಡಿ. ಹೆಸರಿಲ್ಲದ ಸಂಶೋಧನಾ ಸಮೀಕ್ಷೆಯಲ್ಲಿ ಅವಳು ಬರೆದದ್ದು ಯಾರಿಗೂ ಅವಳದೆಂದು ತಿಳಿಯುವುದಿಲ್ಲ. ಶಾಲೆಯ ವಾರ್ಷಿಕ ಮಾಪನದಲ್ಲಿ ಹೆಸರು ಇರಲೇಬೇಕು. ಇಲ್ಲದಿದ್ದರೆ ನೆರವು ನೀಡುವುದು ಯಾರಿಗೆ? ಹೆಸರು ಬಂದೊಡನೆ ಲೆಕ್ಕಾಚಾರ ಬದಲಾಗುತ್ತದೆ. ತರಗತಿಯ ಶಿಕ್ಷಕಿಗೆ ತಿಳಿಯುತ್ತದೆಯೇ, ಮನೆಗೆ ಕರೆ ಹೋಗುತ್ತದೆಯೇ, ಕಡತದಲ್ಲಿ ಉಳಿದುಬಿಡುತ್ತದೆಯೇ? ಬದುಕಲು ಇಷ್ಟವಿಲ್ಲ ಅನ್ನಿಸಿದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಗುರುತಿಸುವುದು ಆಗ ಎಲ್ಲಕ್ಕಿಂತ ಸುಲಭದ ದಾರಿ. ಅತಿ ಹೆಚ್ಚು ಕಷ್ಟದಲ್ಲಿರುವ ಮಗುವಿಗೇ ಮುಚ್ಚಿಡಲು ಅತಿ ಹೆಚ್ಚು ಕಾರಣಗಳಿರುತ್ತವೆ. ಇಂಥ ಹೆಸರಿನ ಹಾಳೆಗಳನ್ನೇ ಕೂಡಿಸಿ ಜಿಲ್ಲೆಯ ಶೇಕಡಾವಾರು ಪ್ರಕಟಿಸಿದರೆ ಅದು ಮಕ್ಕಳ ಮನಸ್ಥಿತಿಯ ಜೊತೆಗೆ ಮಕ್ಕಳ ಭಯವನ್ನೂ ಅಳೆದಿರುತ್ತದೆ, ಯಾವುದು ಎಷ್ಟು ಎಂದು ಬಿಡಿಸಲಾಗದಂತೆ. ಆದ್ದರಿಂದಲೇ ಇವೆರಡನ್ನೂ ಬೇರ್ಪಡಿಸಬೇಕು ಎನ್ನುವುದು. ದೇಶದ ಲೆಕ್ಕಕ್ಕೆ ಹೆಸರಿಲ್ಲದ, ಆಯ್ದ ಮಾದರಿಯ, ಯೋಗಕ್ಷೇಮವನ್ನೂ ಒಳಗೊಂಡ ಸಮೀಕ್ಷೆ ಇರಲಿ. ನೆರವಿಗೆ, ಉತ್ತರ ಯಾರ ಕೈಗೆ ಹೋಗುತ್ತದೆ ಎಂದು ಮಗುವಿಗೆ ಮೊದಲೇ ಹೇಳುವ, ಹೇಳಿದಂತೆ ನಡೆದುಕೊಳ್ಳುವ ತಪಾಸಣೆ ಇರಲಿ.

ವರ್ಷ ವರ್ಷದ ಹೋಲಿಕೆಗೂ ಇದು ಅನ್ವಯಿಸುತ್ತದೆ. ಮನೋವಿಜ್ಞಾನ ಸಂಸ್ಥೆಯ ಮುಂದಿನ ವರದಿಯಲ್ಲಿ ಖಿನ್ನತೆಯ ಅಪಾಯವಿರುವ ಹದಿಹರೆಯದವರ ಪ್ರಮಾಣ ಶೇ 14.8. ಹಿಂದಿನ 24.6ರ ಪಕ್ಕ ಇಟ್ಟು, ಎರಡೇ ವರ್ಷದಲ್ಲಿ ಇಷ್ಟು ಸುಧಾರಣೆ ಎಂದು ಸಂಭ್ರಮಿಸುವ ಮೊದಲು ಕೇಳಬೇಕಾದದ್ದು: ಎರಡೂ ಸಲ ಕೇಳಿದ್ದು ಅವೇ ಪ್ರಶ್ನೆಗಳೇ, ಅಂಥದ್ದೇ ಶಾಲೆಗಳಲ್ಲೇ, ಅದೇ ತರಗತಿಗಳ ಮಕ್ಕಳನ್ನೇ, ವರ್ಷದ ಅದೇ ಕಾಲದಲ್ಲೇ? 2020 ಕೋವಿಡ್ ಕಾಲಿಟ್ಟ ವರ್ಷ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗೆರೆ ದಾಟಿದ ಮಗುವಿಗೆ ಮುಂದೇನು ಎಂಬುದು ಉಳಿದಿದೆ. 2023ರ ಯೋಜನೆಯ ಗುರಿಗಳಲ್ಲಿ ಒಂದು, 2025ರ ವೇಳೆಗೆ ಶೇ 95ರಷ್ಟು ಶಾಲೆಗಳಲ್ಲಿ ಮನಸ್ಸಿನ ಆರೋಗ್ಯದ ಶಿಕ್ಷಕರು ಇರಬೇಕು ಎಂಬುದು. ಆ ಲೆಕ್ಕದಲ್ಲಿ ಪೂರ್ಣಾವಧಿಯವರ ಜೊತೆಗೆ ಬೇರೆ ವಿಷಯ ಪಾಠ ಮಾಡುತ್ತ ಈ ಹೊಣೆಯನ್ನೂ ಹೊತ್ತವರೂ ಸೇರುತ್ತಾರೆ. ಸಾವಿರ ಮಕ್ಕಳ ಶಾಲೆಯಲ್ಲಿ ನಾವು ಹಾಕಿದ ಲೆಕ್ಕದಂತೆ 164 ಮಂದಿ ಪಟ್ಟಿಗೆ ಬಂದರೆ, ಒಬ್ಬೊಬ್ಬರೊಂದಿಗೆ ಅರ್ಧ ಗಂಟೆ ಮಾತಾಡಲು 82 ಗಂಟೆ ಬೇಕು. ಯಾವ ಹದಿನೇಳು ಮಂದಿಯನ್ನು ಆಸ್ಪತ್ರೆಗೆ ಕಳಿಸಬೇಕು, ಯಾರಿಗೆ ನಿದ್ದೆ ಮತ್ತು ಗೆಳೆತನ ಸಾಕು, ಯಾರ ಮನೆಗೆ ಹೋಗಿ ಬರಬೇಕು ಎಂಬುದು ಆ 82 ಗಂಟೆಗಳಲ್ಲಿ ನಿರ್ಧಾರವಾಗುತ್ತದೆ. ಪ್ರಶ್ನಾವಳಿಯನ್ನು ಹಂಚುವ ಮೊದಲೇ ಶಾಲೆಯ ವೇಳಾಪಟ್ಟಿಯಲ್ಲಿ ಅಷ್ಟು ಹೊತ್ತನ್ನು ತೆಗೆದಿಟ್ಟಿರಬೇಕು.